ಒಂದು ಸೇರು ಕಡಲೆಕಾಯಿಯ ತಮ್ಮ

ಹಸಿ ಕಡಲೆಕಾಯಿ ಬೇಯುವಾಗ ಒಂದು ವಾಸನೆ ಬರುತ್ತದಲ್ಲ, ಅರ್ಧ ಮಣ್ಣು, ಅರ್ಧ ಉಪ್ಪು, ಅದು ಮೂಗಿಗೆ ಬಡಿದರೆ ನಿಮಗೆ ಹಸಿವಾಗುತ್ತದೆ. ನನಗೆ ಮೊದಲು ನಾಚಿಕೆಯಾಗುತ್ತದೆ, ಹಸಿವು ಆಮೇಲೆ. ಮೊನ್ನೆ ಭಾನುವಾರ ನನ್ನ ತಮ್ಮ ಕಳ್ಳಂಬೆಳ್ಳದ ಹತ್ತಿರದ ನಮ್ಮೂರಿನಿಂದ ಬೈಕಿನ ಹಿಂದೆ ಒಂದು ಚೀಲ ಕಡಲೆಕಾಯಿ, ಮುಂದೆ ನಾಲ್ಕು ವರ್ಷದ ಮಗ, ಎರಡನ್ನೂ ಹೇರಿಕೊಂಡು ಮಧುಗಿರಿಯ ನಮ್ಮ ಮನೆಗೆ ಬಂದ. ಚೀಲ ಸುಲಭವಾಗಿ ಇಳಿಯಿತು. ಮಗ ಇಳಿಯಲಿಲ್ಲ. ಅವನಿಗೆ ತಂಗಿ ಹುಟ್ಟಿ ಹದಿನೈದು ದಿನವಾಗಿತ್ತು, ಅಂದಿನಿಂದ ಅವನು ಯಾರ ಮಾತೂ ಕೇಳುತ್ತಿಲ್ಲವಂತೆ.

"ಪಾಪೂನ ಎಲ್ಲಿಂದ ತಂದ್ರೋ ಅಲ್ಲೇ ಬುಟ್ಬುಟ್ಟು ಬಾ ಅಂತಾನೆ ಕಣಕ್ಕ," ಅಂದ ತಮ್ಮ. "ನೀನು ನನ್ನ ಕೊಂಡ್ಕೊಂಡ ಕತೆ ಹೇಳು ಇವ್ನಿಗೆ. ಒಡಹುಟ್ಟಿದೋರು ಅಂದ್ರೆ ಹೆಂಗಿರ್ಬೇಕು ಅಂತ ಗೊತ್ತಾಗ್ಲಿ." ಹಾಗೆ ಹೇಳಿ ಬೈಕು ತೊಳೆಯಲು ಅಂಗಳಕ್ಕೆ ಹೋದ.

ನಮ್ಮ ನೆಂಟರಲ್ಲಿ ಈ ಕತೆ ಕೇಳದವರು ಯಾರೂ ಇಲ್ಲ. ನೀವೊಬ್ಬರು ಉಳಿದಿದ್ದೀರಿ, ಕೇಳಿಬಿಡಿ.

ನನಗೆ ಐದು ವರ್ಷವಿದ್ದಾಗ ತಮ್ಮ ಹುಟ್ಟಿದ. ಅಲ್ಲಿಯವರೆಗೆ ಅವ್ವನ ಪಕ್ಕದ ಜಾಗ ನನ್ನದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಒಳಕೋಣೆಯ ಬಾಗಿಲು ಮುಚ್ಚಿತ್ತು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು, ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ನನ್ನನ್ನು ಅಪ್ಪನ ತಾಯಿ, ಅಂದರೆ ನಮ್ಮಜ್ಜಿಯ ಚಾಪೆಗೆ ವರ್ಗ ಮಾಡಲಾಗಿತ್ತು. ಸರ್ಕಾರಿ ನೌಕರರಿಗಾದರೂ ಒಂದು ಆರ್ಡರು ಕೈಗೆ ಬರುತ್ತದೆ. ನನಗೆ ಅದೂ ಇಲ್ಲ. ಹೋಗಿ ಇಣುಕಿ ನೋಡಿದೆ. ಬೇಯಿಸಿದ ಗೆಣಸಿನ ಬಣ್ಣದ ಒಂದು ಸಣ್ಣ ಮುಖ ನನ್ನ ಜಾಗದಲ್ಲಿ ಮಲಗಿತ್ತು. "ನಿನ್ನ ತಮ್ಮ ಕಣವ್ವ," ಅಂದಳು ಅವ್ವ, ನಾನೇ ಅರ್ಜಿ ಹಾಕಿ ತರಿಸಿಕೊಂಡವಳ ಹಾಗೆ.

ಆದರೆ ಹನ್ನೊಂದನೆಯ ದಿನ ದೇವರು ಕಣ್ಣುಬಿಟ್ಟ. ಅಜ್ಜಿ ಅವನನ್ನು ಮಾರಿಬಿಟ್ಟಳು!

ನಡೆದದ್ದು ಇಷ್ಟು. ನನ್ನ ನಂತರ, ಅವನಿಗಿಂತ ಮೊದಲು ಹುಟ್ಟಿದ ಒಂದು ಮಗು ಉಳಿದಿರಲಿಲ್ಲ. ಹಾಗಾದ ಮನೆಯಲ್ಲಿ ಮುಂದಿನ ಮಗುವನ್ನು ಮೊರದಲ್ಲಿ ಮಲಗಿಸಿ ಬೇರೆಯವರಿಗೆ ಮಾರುವುದು ನಮ್ಮ ಕಡೆ ರೂಢಿ. ಸಾವು ಹುಡುಕಿಕೊಂಡು ಬಂದರೆ 'ನಮ್ಮ ಮಗು ಅಲ್ಲ' ಅನ್ನಬಹುದಲ್ಲ, ಅದಕ್ಕೆ. ಕೆಲವರು ತೌಡಿಗೆ ಮಾರುತ್ತಾರೆ, ನಮ್ಮಜ್ಜಿ ಒಂದು ಸೇರು ಕಡಲೆಕಾಯಿಗೆ ಮಾರಿದಳು. ಕೊಂಡವರು ಎದುರು ಮನೆಯ ಖೈರುನ್‌ಬಿ. ಸುತ್ತಲಿನ ಹಳ್ಳಿಗಳಿಗೆ ಬಳೆ ತೊಡಿಸಲು ಹೋಗುತ್ತಿದ್ದ ಹೆಂಗಸು, ಊರಿಗೆಲ್ಲ ಬೂಬಮ್ಮ. ಬೂಬಮ್ಮ ಕಡಲೆಕಾಯಿ ಸುರಿದು ಮೊರ ಎತ್ತಿಕೊಂಡು ಹೊಸಿಲು ದಾಟಿದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಬಂದ ಕಡಲೆಕಾಯಿಯಲ್ಲಿ ಮುಕ್ಕಾಲು ಪಾಲು ನಾನೇ ತಿಂದೆ.

ಇನ್ನೂ ಬಾಯಿ ಒರೆಸಿಕೊಂಡಿರಲಿಲ್ಲ, ಬೂಬಮ್ಮ ಮೊರದ ಸಮೇತ ವಾಪಸ್ ಬಂದರು. "ನನ್ನ ಮಗು ಇದು. ನೀನು ಸಾಕಿ ಕೊಡಮ್ಮ," ಅಂತ ಅವ್ವನ ಮಡಿಲಿಗೆ ಹಾಕಿದರು. ಎಂಥ ಮೋಸ, ನೀವೇ ಹೇಳಿ! ಬೂಬಮ್ಮನ ಹಿಂದೆಯೇ ಓಡಿ ಸೆರಗು ಹಿಡಿದು ಕೇಳಿದೆ: "ಯಾವಾಗ ಕರ್ಕೊಂಡೋಯ್ತೀಯ?"

"ಹಲ್ಲು ಬರಲಿ ಬೇಟಿ, ಆಮೇಲೆ ನೋಡಾಣ," ಅಂದರು.

ಅಂದಿನಿಂದ ದಿನಾ ಬೆಳಿಗ್ಗೆ ಅವನ ಬಾಯಿಗೆ ಬೆರಳು ಹಾಕಿ ಒಸಡು ಮುಟ್ಟಿ ನೋಡುವುದು ನನ್ನ ಕೆಲಸವಾಯಿತು. "ಎಷ್ಟು ಅಕ್ಕರೆ ನೋಡ್ರೇ ತಮ್ಮನ ಮ್ಯಾಲೆ!" ಅಂತ ಬಂದವರೆಲ್ಲ ನನ್ನ ಗಲ್ಲ ಹಿಂಡಿದರು. ನಾನು ಬೇಡ ಅನ್ನಲಿಲ್ಲ.

ಅವನಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಶಿಶುವಿಹಾರದಿಂದ ಬಂದು ನೋಡುತ್ತೇನೆ, ಕೋಣೆಯ ಬಾಗಿಲು ತೆರೆದಿದೆ, ತೊಟ್ಟಿಲು ಖಾಲಿ. ಅವ್ವನೂ ಇಲ್ಲ! ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಕೇಳಿದರೆ "ಎತ್ಕೊಂಡು ಹೋದ್ರು ಕಣವ್ವ" ಅಂದಳು, ಅಷ್ಟೇ. ಜ್ವರ ನೆತ್ತಿಗೇರಿ ಮಗುವನ್ನು ಶಿರಾದ ಆಸ್ಪತ್ರೆಗೆ ಸೇರಿಸಿದ್ದರೆಂದು ನನಗೆ ಯಾರೂ ಹೇಳಲಿಲ್ಲ. ಐದು ವರ್ಷದವಳಿಗೆ ಯಾರು ತಾನೆ ಹೇಳುತ್ತಾರೆ? ನಾನೇ ಲೆಕ್ಕ ಹಾಕಿದೆ. ಕೊಂಡವರು ತಮ್ಮ ಮಗುವನ್ನು ಎತ್ತಿಕೊಂಡು ಹೋಗಿದ್ದಾರೆ. ಹಾಲು ಕುಡಿಸುವವರು ಬೇಕಲ್ಲ, ಅವ್ವನನ್ನೂ ಕರೆದುಕೊಂಡು ಹೋಗಿದ್ದಾರೆ.

ಎರಡು ದಿನ ಕಾದೆ. ಅವ್ವ ಬರಲಿಲ್ಲ. ಮೂರನೆಯ ದಿನ ಅಜ್ಜಿ ಬಿತ್ತನೆಗೆಂದು ಕಟ್ಟಿಟ್ಟಿದ್ದ ಚೀಲ ಬಿಚ್ಚಿ, ಲಂಗದ ತುಂಬ ಕಡಲೆಕಾಯಿ ತುಂಬಿಕೊಂಡು, ಅರ್ಧವನ್ನು ದಾರಿಯುದ್ದಕ್ಕೂ ಚೆಲ್ಲುತ್ತ ಎದುರು ಮನೆಗೆ ಹೋದೆ. ಬೂಬಮ್ಮ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದರು.

"ತಗೋ ನಿನ್ನ ಕಡ್ಲೆಕಾಯಿ. ವಾಪಸ್ ಕೊಡು."

"ಏನು ಕೊಡ್ಲಿ ಬೇಟಿ? ತಮ್ಮ ಬೇಕಾ?"

"ಅವ್ವ ಬೇಕು," ಅಂದೆ. ಸ್ವಲ್ಪ ಯೋಚಿಸಿ ಸೇರಿಸಿದೆ: "ಅವ್ನಿಲ್ದೆ ಅವ್ವ ಬರಾಕಿಲ್ಲ. ಅವ್ನೂ ಬರ್ಲಿ ಬುಡು."

ಬೂಬಮ್ಮ ನನ್ನನ್ನೇ ನೋಡಿದರು. ಆಮೇಲೆ ಸೆರಗೊಡ್ಡಿ ಕಡಲೆಕಾಯಿ ಹಾಕಿಸಿಕೊಂಡರು. ಅಷ್ಟರಲ್ಲಿ ಚೆಲ್ಲಿದ ಬೀಜದ ಜಾಡು ಹಿಡಿದು ಬಂದ ಅಜ್ಜಿ ಎದೆ ಎದೆ ಬಡಿದುಕೊಂಡಳು: "ಕೆಡಿಸ್ಬುಟ್ಯಲ್ಲೇ! ಮಾರಿದ್ದ ಮಗೀನ ವಾಪಸ್ ಕೊಂಡ್ಕೊಂಡ್ಬುಟ್ಯಲ್ಲೇ! ಅದು ಆಸ್ಪತ್ರೇಲಿ ಅಂಗೆ ಮಲಗೈತೆ, ಇವತ್ತೇ ಆಗ್ಬೇಕಿತ್ತಾ ಇದು?" ಆಗ ನನಗೆ ಗೊತ್ತಾಯಿತು, ಅವನು ಎಲ್ಲಿದ್ದಾನೆ, ನಾನು ಮಾಡಿದ್ದು ಏನು ಅಂತ. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಬೂಬಮ್ಮ ಎದ್ದು ನಿಂತರು. "ಯಾಕಮ್ಮ ಅಳ್ತೀಯ? ನಾನು ನಿಂಗಾಗ್ಲಿ ನಿನ್ನ ಸೊಸೆಗಾಗ್ಲಿ ವಾಪಸ್ ಕೊಟ್ಟಿಲ್ಲ. ಈ ಹುಡುಗಿಗೆ ಮಾರಿದೀನಿ. ಇನ್ಮ್ಯಾಲೆ ಅವ್ನು ಅಕ್ಕನ ಮಗ."

ಅಜ್ಜಿ ಅಳು ನಿಲ್ಲಿಸಿ, ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅದೂ ಸರೀನೇ," ಅಂದಳು.

ನಾಲ್ಕು ದಿನಕ್ಕೆ ಜ್ವರ ಇಳಿದು ಮಗು ಮನೆಗೆ ಬಂತು. ಅಜ್ಜಿ ನೇರವಾಗಿ ನನ್ನ ತೊಡೆಯ ಮೇಲೆ ಮಲಗಿಸಿದಳು. ಬೇಡವಾದ ವಸ್ತುವಿಗೆ ನಾನು ಒಡತಿಯಾದೆ. ಒಡೆತನ ಎಂಥ ಕೆಟ್ಟ ಚಟ ನೋಡಿ, ಬೇರೆಯವರು ಅವನನ್ನು ಎತ್ತಿಕೊಂಡರೆ ಅಂದಿನಿಂದ ನನಗೆ ಹೊಟ್ಟೆ ಉರಿಯತೊಡಗಿತು. ಬೂಬಮ್ಮ ತಮ್ಮ ಬಾಗಿಲಲ್ಲಿ ನಾನು ಮೊದಲು ಆಡಿದ 'ಅವ್ವ ಬೇಕು' ಅನ್ನುವ ಮಾತನ್ನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಹೀಗಾಗಿ ನೆಂಟರ ಬಾಯಲ್ಲಿ ಉಳಿದದ್ದು ತಮ್ಮನಿಗಾಗಿ ಪ್ರಾಣ ಬಿಡುವ ಅಕ್ಕನ ಕತೆ. ತಮ್ಮ ಅದನ್ನು ನಂಬಿ ಪ್ರತಿ ಗೌರಿ ಹಬ್ಬಕ್ಕೂ ಸೀರೆ ತಂದುಕೊಟ್ಟ. ನಾನು ಉಟ್ಟೆ.

ಮೊನ್ನೆ ಆ ಹುಡುಗನ ಮುಂದೆ ಬಿಸಿ ಕಡಲೆಕಾಯಿಯ ತಟ್ಟೆ ಇಟ್ಟು ನೆಂಟರ ಕತೆಯನ್ನೇ ಶುರು ಮಾಡಿದೆ. ಅವನು ಕೆನ್ನೆ ಊದಿಸಿಕೊಂಡು ನನ್ನನ್ನು ನೋಡಿದ. ಆ ಮುಖ ನನಗೆ ಗೊತ್ತು. ಅದರ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾನು ಹೋಗಿದ್ದು ನಿಮ್ಮಪ್ಪನಿಗೋಸ್ಕರ ಅಲ್ಲ ಕಣೋ," ಅಂದೆ. "ನಮ್ಮವ್ವನಿಗೋಸ್ಕರ. ನಿಮ್ಮಪ್ಪ ನನಗೆ ಬೇಕೇ ಇರಲಿಲ್ಲ."

ತಲೆಯೆತ್ತಿದರೆ ಬಾಗಿಲಲ್ಲಿ ಒದ್ದೆ ಕೈಯ ತಮ್ಮ ನಿಂತಿದ್ದ.

"ಅಂಗಾದ್ರೆ ಇಷ್ಟು ವರ್ಷ ಸೀರೆ ಇಸ್ಕೊಂಡ್ಯಲ್ಲಕ್ಕ!"

"ಅವತ್ತು ಬೇಕಿರ್ಲಿಲ್ಲ," ಅಂದೆ. "ಆಮೇಲೆ ಬೇಕಾದೆ. ಸೀರೆ ಆಮೇಲಿಂದಕ್ಕೆ."

ಅವನು ನಗಲು ಹೊರಟು ನಗದೆ, ಬಂದು ನನ್ನ ಪಕ್ಕ ಕೂತು, ಒಂದು ಕಾಯಿ ಸುಲಿದು ನನ್ನ ಅಂಗೈಗೆ ಹಾಕಿದ. ಹುಡುಗ ಇಬ್ಬರನ್ನೂ ನೋಡಿದ. ಆಮೇಲೆ ತಟ್ಟೆಗೆ ಕೈ ಹಾಕಿ, ಕಡಲೆಕಾಯಿಯನ್ನು ತಿನ್ನದೆ ಚಡ್ಡಿಯ ಜೇಬಿಗೆ ತುಂಬಿಕೊಳ್ಳತೊಡಗಿದ.

"ಯಾಕೋ? ತಿನ್ನು," ಅಂದೆ.

"ಇರ್ಲಿ ಅತ್ತೆ," ಅಂದ. "ಪಾಪೂನ ಯಾರಾದ್ರೂ ಎತ್ಕೊಂಡೋದ್ರೆ ಬೇಕಾಯ್ತದೆ."

ಒಂದು ಜೇಬು ತುಂಬಿತ್ತು. ಇನ್ನೊಂದಕ್ಕೆ ನಾನೇ ತುಂಬಿದೆ.