ಅಪ್ಪನ ಹೆಸರು ಹಿಡಿದವನು

‘ಬೆಕೆಲೆ’ ಎಂದು ಯಾರಾದರೂ ಕರೆದರೆ ತೆಸ್ಫಾಯೆ ಮೊದಲು ತಿರುಗಿ ತನ್ನ ಬೆನ್ನ ಹಿಂದೆ ನೋಡುತ್ತಿದ್ದ. ಅಲ್ಲಿ ಯಾರೂ ಇಲ್ಲವೆಂದು ಖಚಿತವಾದ ಮೇಲೆ ಕರೆದವರ ಕಡೆಗೆ ತಿರುಗಿ, “ನಮ್ಮಪ್ಪ ಬಂದಿಲ್ಲ ಸಾ” ಎನ್ನುತ್ತಿದ್ದ. ಎರಡು ವರ್ಷದಲ್ಲಿ ಒಮ್ಮೆಯೂ ಇದನ್ನು ತಪ್ಪಿಸಲಿಲ್ಲ.

ಇಥಿಯೋಪಿಯಾದವನು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ತರಬೇತಿಗೆಂದು ನಂಜನಗೂಡಿನ ನಮ್ಮ ಔಷಧ ಕಾರ್ಖಾನೆಗೆ ಬಂದಿದ್ದ. ನಾನು ಅಲ್ಲಿನ ಆಫೀಸಿನಲ್ಲಿ ಟೈಪಿಸ್ಟ್. ಟಿ. ನರಸೀಪುರದಲ್ಲಿ ನಮ್ಮ ಬೀದಿಯಲ್ಲೇ ಅವನಿಗೊಂದು ರೂಮು ಕೊಡಿಸಿದ್ದೆ. ಬೆಳಗಿನ ಬಸ್ಸಿಗೆ ಒಟ್ಟಿಗೆ ಹೋಗುತ್ತಿದ್ದೆವು. ಎತ್ತರದ, ತೆಳ್ಳಗಿನ ಆಳು. ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದ. ಕನ್ನಡವನ್ನು ಪ್ಯಾಕಿಂಗ್ ವಿಭಾಗದ ದೇವನೂರಿನ ಹೆಂಗಸರಿಂದ ಕಲಿತಿದ್ದರಿಂದ ಅವನ ಬಾಯಲ್ಲಿ ಪದದ ಮೊದಲಿಗೆ ಹಕಾರವೇ ಬರುತ್ತಿರಲಿಲ್ಲ. ಮುದ್ದೆಯನ್ನು ನುಂಗದೆ ಅಗಿಯುತ್ತಿದ್ದ. ಅವರು ನಕ್ಕರೆ, “ಅಲ್ಲು ಇರೋದು ಯಾತಕ್ಕವ್ವ ಮತ್ತೆ?” ಎಂದು ಕೇಳುತ್ತಿದ್ದ.

ತಮ್ಮ ಹೆಸರಿನ ಕ್ರಮವನ್ನು ಅವನು ನನಗೆ ಹೇಳಿದ್ದು ಬಸ್ಸಿನಲ್ಲಿ. ಅವರಲ್ಲಿ ಮನೆತನದ ಹೆಸರಿಲ್ಲ. ಮೊದಲು ತನ್ನ ಹೆಸರು, ಆಮೇಲೆ ಅಪ್ಪನದು: ತೆಸ್ಫಾಯೆ ಬೆಕೆಲೆ. ನಮ್ಮಲ್ಲಿ ಊರು ಮತ್ತು ಅಪ್ಪ ಮೊದಲು, ನಾವು ಕೊನೆಗೆ. “ನಿಮ್ಮಪ್ಪ ನಿಮ್ ಮುಂದೆ ಓಯ್ತಾರೆ. ನಮ್ಮಪ್ಪ ನಮ್ ಬೆನ್ನಿಂದೆ ಬತ್ತಾರೆ, ಮಹೇಶಣ್ಣ” ಎಂದಿದ್ದ. ನನಗೆ ಚೆನ್ನಾಗಿ ಅರ್ಥವಾಗಿತ್ತು. ಅದನ್ನು ಇಲ್ಲಿ ಬರೆದಿಡಬೇಕು.

ನಮ್ಮ ಮ್ಯಾನೇಜರು ಹದಿನಾರು ಎಂಬ ಊರಿನ ಎಸ್. ಮಾದಪ್ಪನವರು. ಕೊನೆಯಲ್ಲಿರುವುದೇ ಆಸಾಮಿಯ ಹೆಸರು ಎಂಬ ನಮ್ಮ ಲೆಕ್ಕದಲ್ಲಿ ಅವರು ಮೊದಲ ದಿನವೇ ಇವನನ್ನು ಬೆಕೆಲೆ ಮಾಡಿದ್ದರು; ತಿದ್ದಿದರೂ ಬಿಡಲಿಲ್ಲ. ಜರ್ಮನಿಯ ಒಂದು ಪ್ರಯೋಗಾಲಯ ತೆಸ್ಫಾಯೆಗೆ ಕೆಲಸ ಕೊಡಲು ಒಪ್ಪಿದಾಗ, ಅಲ್ಲಿ ದುಡಿಯುವ ಪರವಾನಗಿಗೆ ನಮ್ಮ ತರಬೇತಿ ಪತ್ರ ಬೇಕಾಯಿತು. ಮಾದಪ್ಪನವರು ‘ಟಿ. ಬೆಕೆಲೆ’ ಎಂದು ಹೇಳಿ ಬರೆಸಿದರು. “ಸಾರ್, ಹೆಸರು…” ಎಂದೆ. “ನಾನು ಕರೆಯೋ ಹೆಸ್ರು ನಂಗೊತ್ತಿಲ್ವೇನ್ಲಾ?” ಎಂದರು. ಟೈಪ್ ಮಾಡಿದೆ. ಆಫೀಸಿನ ರೂಢಿಯಂತೆ ಕೆಳಮೂಲೆಯಲ್ಲಿ ನನ್ನ ಮೂರು ಅಕ್ಷರ ಹಾಕಿದೆ: ಟಿ.ಪಿ.ಎಂ. ತಿರುಮಕೂಡಲು ಪುಟ್ಟಸ್ವಾಮಿ ಮಹೇಶ.

ಅರ್ಜಿ ವಾಪಸು ಬಂತು. ಪಾಸ್‌ಪೋರ್ಟಿನವನೂ ಪತ್ರದವನೂ ಒಬ್ಬನೇ ಅಲ್ಲ, ಒಂದು ತಿಂಗಳಲ್ಲಿ ಸರಿಪಡಿಸದಿದ್ದರೆ ಕೆಲಸವಿಲ್ಲ ಎಂದಿತ್ತು. ತೆಸ್ಫಾಯೆ ಮ್ಯಾನೇಜರ ಮುಂದೆ ನಿಂತಾಗ ನಾನೂ ಅಲ್ಲಿದ್ದೆ.

“ನಿಮ್ಮಪ್ಪನ ಹೆಸ್ರೇ ಅಲ್ವೇನಯ್ಯ? ಅಪ್ಪನ ಹೆಸ್ರು ಹಿಡ್ದು ಕರುದ್ರೆ ಬೈದಂಗಾಯ್ತದಾ? ಸೀಲು ಒತ್ತಾಯ್ತು, ಹೋಗು.”

ತೆಸ್ಫಾಯೆ ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. “ಆಯ್ತು, ಸಿದ್ದಪ್ಪ ಸಾ.”

ಸಿದ್ದಪ್ಪ ಎಂಬುದು ಮಾದಪ್ಪನವರ ತಂದೆಯ ಹೆಸರು.

ಮಾರನೆಯ ದಿನದಿಂದ ಅವನು ಬೇರೆ ಹೆಸರಿನಿಂದ ಅವರನ್ನು ಕರೆಯಲೇ ಇಲ್ಲ. ದನಿ ಏರಿಸುತ್ತಿರಲಿಲ್ಲ. ವಾರದೊಳಗೆ ಪ್ಯಾಕಿಂಗ್‌ನವರು “ಸಿದ್ದಪ್ಪ ಬಂದ, ಬಾಯ್ಮುಚ್ರೇ” ಎನ್ನತೊಡಗಿದರು. ಒಬ್ಬೊಬ್ಬರಿಗೆ ಒಂದೊಂದು ಹಳೆಯ ಸಿಟ್ಟಿತ್ತು. ಅಪ್ಪನ ಹೆಸರು ಬೈಗುಳವಲ್ಲವೆಂದು ತಾವೇ ಹೇಳಿದ್ದರಿಂದ ಮಾದಪ್ಪನವರು ಯಾರನ್ನೂ ಶಿಕ್ಷಿಸುವಂತಿರಲಿಲ್ಲ. ನಾನೂ ನಗುತ್ತಿದ್ದೆ.

ಗಡುವಿಗೆ ನಾಲ್ಕು ದಿನವಿದ್ದಾಗ, ಊಟದ ಹೊತ್ತಿನಲ್ಲಿ, ಒಬ್ಬ ಮುದುಕರು ಕೋಲೂರಿಕೊಂಡು ಗೇಟಿಗೆ ಬಂದರು. ಕೈಯಲ್ಲಿ ಅವರೆಕಾಯಿ ಚೀಲ. ಮಾದಪ್ಪನನ್ನು ನೋಡಬೇಕು ಎಂದರು. ಕಾವಲಿನವನು ಒಳಗಡೆಗೆ ಕೂಗಿದ: “ಸಿದ್ದಪ್ಪನ್ನ ನೋಡಕ್ಕೆ ಯಾರೋ ಬಂದವ್ರೆ ಕಣ್ರಪ್ಪೋ.” ಮರದಡಿ ಉಣ್ಣುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು.

“ಸಿದ್ದಪ್ಪ ನಾನೇ ಕಣಪ್ಪ” ಎಂದರು ಮುದುಕರು.

ನಗು ಅರ್ಧಕ್ಕೇ ನಿಂತಿತು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಮಾದಪ್ಪನವರು ಹೊರಗೆ ಬಂದರು. ಅಷ್ಟರಲ್ಲಿ ತೆಸ್ಫಾಯೆ ಕೈ ತೊಳೆದು ಬಂದು ಮುದುಕರ ಎದುರು ನಿಂತ.

“ಅಜ್ಜ, ನಿಮ್ ಮಗ ನಮ್ಮಪ್ಪನ ಎಸ್ರು ಇಡ್ಕೊಂಡವ್ರೆ. ಅದ್ಕೆ ನಿಮ್ ಎಸ್ರು ನಾನಿಡ್ಕೊಂಡಿವ್ನಿ. ಅವ್ರು ಬುಟ್ರೆ ನಾನೂ ಬುಡ್ತೀನಿ.”

ಮುದುಕರು ಮಗನ ಕಡೆ ತಿರುಗಿದರು. “ಅವ್ನೆಸ್ರು ಅವ್ನಿಗೆ ಕೊಟ್ಬುಡ್ಲಾ” ಎಂದರು. ಅವರೆಕಾಯಿ ಚೀಲವನ್ನು ಗೇಟಿನ ಬಳಿಯೇ ಇಟ್ಟು ಹೊರಟುಹೋದರು. ಮಧ್ಯಾಹ್ನ ನಾನು ಹೊಸ ಪತ್ರ ಟೈಪ್ ಮಾಡಿದೆ: ತೆಸ್ಫಾಯೆ ಬೆಕೆಲೆ.

ಆ ಸಂಜೆ ಬಸ್ಸಿನಲ್ಲಿ, ಮುದುಕರನ್ನು ನೋಡಿ ಪಾಪ ಅನ್ನಿಸಲಿಲ್ಲವೇ ಎಂದು ಕೇಳಿದೆ. “ಅನ್ಸ್ತು. ಆದ್ರೂ ಮಾಡ್ದೆ” ಎಂದು ಕಿಟಕಿಯ ಕಡೆ ತಿರುಗಿದ.

ಪರವಾನಗಿ ಬಂತು. ಅವನು ಹೊರಡುವ ದಿನ ಟಿ. ನರಸೀಪುರದ ಬಸ್ ನಿಲ್ದಾಣದವರೆಗೆ ಅವನ ಚೀಲ ನಾನೇ ಹೊತ್ತೆ. ಬಸ್ಸು ಬಂದಾಗ ಅವನು ಜೇಬಿನಿಂದ ಆ ಹಳೆಯ ಪತ್ರ ತೆಗೆದ. ನಾಲ್ಕು ಮಡಿಕೆಯನ್ನೂ ಬಿಡಿಸಿ, ಕೆಳಮೂಲೆಯ ಮೂರು ಅಕ್ಷರದ ಮೇಲೆ ಬೆರಳಿಟ್ಟು, ನನ್ನ ಕೈಗೆ ಕೊಟ್ಟ. ಬಸ್ಸು ಹತ್ತಿ ಮೆಟ್ಟಿಲ ಮೇಲಿಂದ ನನ್ನನ್ನು ನೋಡಿದ. ಮಹೇಶಣ್ಣ ಎನ್ನುತ್ತಾನೆಂದು ಕಾದೆ.

“ಬತ್ತೀನಿ, ಪುಟ್ಟಸ್ವಾಮಿ.”

ನಮ್ಮಪ್ಪ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಆದರೂ ನಾನು ತಿರುಗಿ ಬೆನ್ನ ಹಿಂದೆ ನೋಡಿದೆ.