ಹೊಳೆ ದಾಟಿ ಬಂದ ಆರು ವೋಲ್ಟ್

ಇಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಮನೆಯಲ್ಲಿದ್ದವರು ನಾನು ಮತ್ತು ಇಸ್ತ್ರಿ ಪೆಟ್ಟಿಗೆ ರಿಪೇರಿಗೆ ಬಂದ ವೈರಿಂಗ್ ಕೆಲಸದವನು, ಇಬ್ಬರೇ. ಅವನು ಪೆಟ್ಟಿಗೆ ಬಿಚ್ಚಿದಾಗ ಸುಟ್ಟ ಅರಗಿನಂಥ ವಾಸನೆ ಎದ್ದಿತು. ನಾನು ಕುರ್ಚಿ ಎಳೆದುಕೊಂಡು ಕೂತೆ. ಈ ವಾಸನೆಯನ್ನು ಮೊದಲು ಕಂಡದ್ದು ಹೊನ್ನಾವರದಲ್ಲಿ, ಎರಡನೇ ಮಹಾಯುದ್ಧ ಇನ್ನೂ ಮುಗಿಯದ ಕಾಲದಲ್ಲಿ, ನಮ್ಮ ವಿಜ್ಞಾನದ ಮಾಸ್ತರರ ಮೇಜಿನ ಮೇಲೆ...

ಆಗ ನಮ್ಮ ಶಾಲೆಗೆ ಕರೆಂಟು ಬಂದಿರಲಿಲ್ಲ. ವಿದ್ಯುತ್ತಿನ ಪಾಠವೆಂದರೆ ಪುಸ್ತಕದ ಚಿತ್ರ, ಅಷ್ಟೇ. ಮಾಸ್ತರರಿಗೆ ಅದು ಸಾಲಲಿಲ್ಲ. ಶರಾವತಿಗೆ ಸೇತುವೆ ಇಲ್ಲದ್ದರಿಂದ ಭಟ್ಕಳದ ಬಸ್ಸು ಆಚೆ ದಡದಲ್ಲೇ ನಿಲ್ಲುತ್ತಿತ್ತು. ಜನ ದೋಣಿಯಲ್ಲಿ ಈಚೆ ಬರುತ್ತಿದ್ದರು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಅದು. ಮಧ್ಯಾಹ್ನ ತಿರುಗಿ ಹೊರಡುವವರೆಗೆ ಅದರ ಬ್ಯಾಟರಿಗೆ ಕೆಲಸವಿರಲಿಲ್ಲ. ಮಾಸ್ತರರು ಡ್ರೈವರನನ್ನು ಒಪ್ಪಿಸಿದರು. ಪ್ರತಿ ಶುಕ್ರವಾರ ಅವನು ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ, ದೋಣಿಯಲ್ಲಿಟ್ಟು ಹೊಳೆ ದಾಟಿಸಿ, ತಾನೇ ಶಾಲೆಗೆ ಹೊತ್ತು ತರುತ್ತಿದ್ದ.

"ಹುಷಾರು ಮಾಸ್ತರ್ರೆ. ಇದು ಸತ್ರೆ ನಾ ಭಟ್ಕಳದ ತನಕ ನಡ್ಕಂಡೇ ಹೋಗ್ಬೇಕು."

"ನೀ ಒಬ್ನೇ ಅಲ್ಲ ಮಾರಾಯ. ಹಿಂದೆ ನಿನ್ನ ಪ್ಯಾಸೆಂಜರೂ ಬರ್ತಾರೆ, ನಿಂಗೆ ಬೈಯ್ಕಂತ."

ಮಾಸ್ತರರ ಕ್ರಮ ಕಟ್ಟುನಿಟ್ಟು. ಮೀಟರಿನ ಸೂಜಿ ನಿಂತ ಮೇಲೆ ಒಬ್ಬ ಓದಬೇಕು, ಅವನು ಬದಿಗೆ ಸರಿದ ಮೇಲೆ ಇನ್ನೊಬ್ಬ ಓದಬೇಕು. ಎರಡೂ ಒಂದೇ ಆದರೆ ಮಾತ್ರ ಲೆಕ್ಕಕ್ಕೆ ಕೈ ಹಾಕಬೇಕು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ಸಾಮರ್ಥ್ಯ, ವ್ಯಾಟ್‌ನಲ್ಲಿ. ಭಾಗಾಕಾರ ಮೊದಲು, ಗುಣಾಕಾರ ಆಮೇಲೆ. ಹಗಲೆಲ್ಲ ಪಾಠ ಹೇಳಿ, ಸಂಜೆ ಕೂತು ಪ್ರಯೋಗಕ್ಕೆ ತಂತಿಯ ಸುರುಳಿ ಸುತ್ತುತ್ತಿದ್ದ ಅವರ ಕಣ್ಣಿನ ಕೆಳಗೆ ಯಾವಾಗಲೂ ಕಪ್ಪು. ದಣಿದಿದ್ದೇನೆ ಎಂದು ಅವರು ಹೇಳಿದ್ದನ್ನು ಮಾತ್ರ ನಾನು ಎಂದೂ ಕೇಳಲಿಲ್ಲ.

ವಿಜ್ಞಾನದ ತರಗತಿ ಆ ವರ್ಷ ಇನ್ನೂ ಕಾಯಂ ಆಗಿರಲಿಲ್ಲ. ಶಿಕ್ಷಣ ಇಲಾಖೆಯ ಸಾಹೇಬರು ಧಾರವಾಡದಿಂದ ಬಂದು, ನಾವು ಪ್ರಯೋಗ ಮಾಡುವುದನ್ನು ನೋಡಿ ಒಪ್ಪಬೇಕಿತ್ತು. ಒಪ್ಪಿದರೆ ತರಗತಿ ಉಳಿಯುತ್ತಿತ್ತು. ತರಗತಿ ಉಳಿದರೆ ಮಾಸ್ತರರ ನೌಕರಿ ಉಳಿಯುತ್ತಿತ್ತು.

ಸಾಹೇಬರು ಬರುವ ದಿನ ಡ್ರೈವರ್ ಬೇಗನೇ ಬಂದ. ಮಾಸ್ತರರು ಹೆಡ್‌ಮಾಸ್ತರರ ಕೋಣೆಯಲ್ಲಿದ್ದರು. ಬ್ಯಾಟರಿಯನ್ನು ಎತ್ತಿಳಿಸಿದ ಮೇಲೆ ತಂತಿ ತಾಗಿಸಿ ಕಿಡಿ ನೋಡುವುದು ಬಸ್ಸಿನವರ ರೂಢಿ. ಮೇಜಿನ ಮೇಲೆ ಎರಡು ತಂತಿ ಸಿದ್ಧವಿದ್ದವು. ಅವುಗಳ ಇನ್ನೊಂದು ತುದಿ ಆಂಪಿಯರ್ ಮೀಟರಿಗೆ ಸೇರಿತ್ತು. ಕರೆಂಟನ್ನು ತಡೆಯುವ ಸುರುಳಿಯನ್ನು ನಡುವೆ ಇನ್ನೂ ಜೋಡಿಸಿರಲಿಲ್ಲ. ನಾವು ಬೇಡ ಎನ್ನುವಷ್ಟರಲ್ಲಿ ಅವನು ತಾಗಿಸಿಯಾಗಿತ್ತು. ಸೂಜಿ ಹಾರಿ ಕೊನೆಗೆ ಬಡಿದು ಸೊಟ್ಟಗಾಯಿತು. ಹೊಗೆ, ಮತ್ತು ಆ ವಾಸನೆ...

ಮಾಸ್ತರರು ಬಾಗಿಲಲ್ಲಿ ನಿಂತಿದ್ದರು.

"ಜೀವ ಇದ್ಯಾ ನೋಡ್ದೆ ಮಾಸ್ತರ್ರೆ. ಎಂತ ಆತು?"

"ಎಂತದೂ ಆಗ್ಲಿಲ್ಲ. ಹೋಗಿ ಚಾ ಕುಡ್ಕಂಡು ಬಾ."

ಅವನು ಹೋದ ಮೇಲೆ ಅವರು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಶಾಲೆಗೆ ಇದ್ದದ್ದು ಅದೊಂದೇ ಆಂಪಿಯರ್ ಮೀಟರು. ಸಾಹೇಬರು ಬರುವ ಹೊತ್ತಾಗಿತ್ತು. ಸ್ವಲ್ಪ ಹೊತ್ತಿಗೆ ಎದ್ದು, ಹಿಂದಿನ ವಾರ ನಾವು ಅಳೆದಿಟ್ಟಿದ್ದ ನಾಲ್ಕು ಓಮ್‌ನ ಸುರುಳಿಯನ್ನು ತೆಗೆದು, ಹೊಸ ಸುರುಳಿಯ ಜೊತೆ ಒಂದೇ ಸಾಲಿನಲ್ಲಿ ಜೋಡಿಸಿದರು. ಎರಡರಲ್ಲೂ ಹರಿಯುವುದು ಅದೇ ಕರೆಂಟು, ಎಂದರು.

ಸಾಹೇಬರ ಎದುರು ಓದುವ ಸರದಿ ನನ್ನದು. ನಾಲ್ಕು ಓಮ್‌ನ ಸುರುಳಿಯ ಮೇಲೆ ವೋಲ್ಟ್‌ಮೀಟರು ಎರಡು ತೋರಿಸಿತು. ಎರಡನ್ನು ನಾಲ್ಕರಿಂದ ಭಾಗಿಸಿದರೆ ಕರೆಂಟು ಅರ್ಧ ಆಂಪಿಯರ್. ಹೊಸ ಸುರುಳಿಯ ಮೇಲೆ ನಾಲ್ಕು ವೋಲ್ಟ್. ಹಾಗಾದರೆ ಅದರ ರೋಧ ಎಂಟು ಓಮ್, ಸಾಮರ್ಥ್ಯ ಎರಡು ವ್ಯಾಟ್. ನನ್ನ ಗೆಳೆಯನ ಓದೂ ಅದೇ ಬಂತು. ಮಾಸ್ತರರು ನಮ್ಮನ್ನು ನೋಡಲಿಲ್ಲ, ಸಾಹೇಬರನ್ನೇ ನೋಡುತ್ತಿದ್ದರು.

"ಆಂಪಿಯರ್ ಮೀಟರ್ ಎಲ್ಲದ ರೀ?"

"ಇಂದು ಬೆಳಿಗ್ಗೆ ಸುಟ್ಟುಹೋಯಿತು ಸಾಹೇಬರೆ."

"ಲೆಕ್ಕ ಬರೋಬರಿ ಅದ. ಆದ್ರ ನೀವು ಕರೆಂಟ್ ಅಳದಿಲ್ಲ, ಲೆಕ್ಕ ಹಾಕೀರಿ. ನಾ ಕಂಡದ್ದನ್ನ ಬರೀಬೇಕಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರೂ ದಣಿದವರಂತೆಯೇ ಕಂಡರು.

ಮಧ್ಯಾಹ್ನ ಬ್ಯಾಟರಿ ಒಯ್ಯಲು ಬಂದ ಡ್ರೈವರ್ ಬಾಗಿಲಲ್ಲೇ ಕೇಳಿದ: "ಸಾಹೇಬ್ರು ಎಂತ ಹೇಳಿದ್ರು?"

"ಲೆಕ್ಕ ಸರಿ ಉಂಟು ಅಂದ್ರು," ಎಂದರು ಮಾಸ್ತರರು, ಗೋಣಿಯ ಬಾಯಿ ಕಟ್ಟುತ್ತ. ಅವನು ಹೋದ ಮೇಲೆ ನಮ್ಮ ಕಡೆ ತಿರುಗಿ, "ನಾಳೆ ನಾ ಇಲ್ದಿದ್ದಾಗ ಅಂವ ಕೇಳಿದ್ರೆ ನಂಗೆ ಕುಮಟೆಗೆ ವರ್ಗ ಆತು ಅನ್ನಿ, ಮೀಟರಿನ ಸುದ್ದಿ ಬೇಡ," ಎಂದರು.

ರಜೆಯಲ್ಲಿ ವಿಜ್ಞಾನದ ತರಗತಿ ರದ್ದೆಂದು ಆದೇಶ ಬಂತು. ಶಾಲೆ ತೆರೆದಾಗ ಪ್ರಯೋಗದ ಮೇಜನ್ನು ಗೋಡೆಗೆ ಸರಿಸಿದ್ದರು. ಮಾಸ್ತರರು ಇರಲಿಲ್ಲ.

ಮಳೆ ಹಿಡಿಯುವ ಮೊದಲು ಒಮ್ಮೆ ಆ ಬಸ್ಸಿನಲ್ಲಿ ಭಟ್ಕಳಕ್ಕೆ ಹೋದೆ. ಡ್ರೈವರ್ ಪಕ್ಕದವರಿಗೆಲ್ಲ ಕೇಳುವಂತೆ, "ನಮ್ಮ ಬ್ಯಾಟರಿ ಇದ್ಯಲ್ಲ, ಧಾರವಾಡ ಸಾಹೇಬ್ರ ಎದುರು ಪಾಸಾದದ್ದು," ಎನ್ನುತ್ತಿದ್ದ. ನನ್ನನ್ನು ಕಂಡು, "ಶುಕ್ರವಾರ ಬ್ಯಾಟರಿ ಬೇಡ್ವಾ ಈಗ? ಮಾಸ್ತರ್ರು ಎಲ್ಲಿ?" ಎಂದ. ಕುಮಟೆಗೆ ವರ್ಗ ಆತು, ಎಂದೆ. "ದೊಡ್ಡ ಶಾಲೆಗೆ ಹೋದ್ರು, ಅಲ್ದಾ?" ಎಂದು ಖುಷಿಯಾಗಿ ಗೇರು ಬದಲಿಸಿದ.

ನನಗೆ ನೌಕರಿಯಾದ ಮೇಲೆ ಯಾರೋ, ಅವರು ಕತಗಾಲದ ಕಟ್ಟಿಗೆ ಡಿಪೋದಲ್ಲಿ ಕಾರಕೂನರಾಗಿದ್ದಾರೆ ಎಂದರು. ಹೋಗಿ ಕೇಳಿದೆ. ಅಲ್ಲಿಂದಲೂ ಹೋಗಿಯಾಗಿತ್ತು. ಎಲ್ಲಿಗೆಂದು ಯಾರಿಗೂ ತಿಳಿದಿರಲಿಲ್ಲ...

"ಅಜ್ಜಾ, ಹೊಸ ಕಾಯಿಲ್ ಹಾಕಿದ್ದೆ. ಎರಡು ಆಂಪಿಯರ್ ಎಳೀತದೆ," ಎಂದ ವೈರಿಂಗ್ ಕೆಲಸದವನು, ತನ್ನ ಮೀಟರು ನೋಡುತ್ತ. ಸರಿ, ನೀನು ಬದಿಗೆ ಸರಿ, ನಾನೂ ಓದುತ್ತೇನೆ, ಎಂದೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ನಗುತ್ತ ಸರಿದ. ಎರಡೇ ಇತ್ತು. ಮನೆಯ ಕರೆಂಟಿನ ಇನ್ನೂರ ಮೂವತ್ತು ವೋಲ್ಟನ್ನು ಎರಡರಿಂದ ಭಾಗಿಸಿದೆ: ನೂರ ಹದಿನೈದು ಓಮ್. ಆಮೇಲೆ ಗುಣಿಸಿದೆ: ನಾನೂರ ಅರವತ್ತು ವ್ಯಾಟ್. ಲೆಕ್ಕ ಸರಿಯೆಂದು ಹೇಳಬೇಕಾದವರು ಈಗ ಎಲ್ಲಿಯೂ ಇರಲಾರರು.

ಅವನನ್ನು ಕಳಿಸಿ, ನಾಳೆಯ ಅಂಗಿಗೆ ಇಸ್ತ್ರಿ ಹಾಕಿದೆ. ಪೆಟ್ಟಿಗೆ ಆರಿದ ಮೇಲೆ ವೈರು ಸುತ್ತಿ ಕಪಾಟಿನಲ್ಲಿಟ್ಟೆ.