ಐದು ನಿಮಿಷದ ಬೆಳಕು

ನಿಪ್ಪಾಣಿಯ ನೀಲಮ ಗಾಜಿನ ಲೋಟದಲ್ಲಿ ಮಾಡುತ್ತಿದ್ದ ಮೇಣದಬತ್ತಿಗಳಲ್ಲಿ ನೂಲಿನ ಬದಲು ಮರದ ತೆಳು ಪಟ್ಟಿ ಉರಿಯುತ್ತಿತ್ತು. ಅದನ್ನು ಕಲಿಯಲು ಆರು ತಿಂಗಳು ಕೈ ಸುಟ್ಟುಕೊಂಡಿದ್ದಳು. ೨೦೧೬ರ ಬುದ್ಧ ಪೂರ್ಣಿಮೆಗೆ ಹದಿನೈದು ದಿನ ಮುಂಚೆ ನಾದಿನಿ ಮಯೂರಿ ಅದರಲ್ಲೊಂದನ್ನು ಊರಿನ ಬುದ್ಧ ವಿಹಾರಕ್ಕೆ ಒಯ್ದು, "ನಾನ ಮಾಡೇನ್ರಿ" ಎಂದು ಹೇಳಿ ಶಾಲು ಹೊದಿಸಿಕೊಂಡಳು. ಕೈ ಸುಟ್ಟುಕೊಂಡವಳು ಒಬ್ಬಳು, ಶಾಲು ಇನ್ನೊಬ್ಬಳಿಗೆ!

ಅಂಥ ಮೇಣದಬತ್ತಿಯನ್ನು ಮೊದಲ ಸಲ ಹಚ್ಚಿದಾಗ ಮೇಣ ಲೋಟದ ಅಂಚಿನ ತನಕ ಕರಗಬೇಕು, ಎರಡು ತಾಸಾದರೂ ಆರಿಸಬಾರದು. ಮಯೂರಿಯೋ, ಮೇಣ ಉಳಿಯಲೆಂದು, ದಿನಾ ವಂದನೆ ಮುಗಿದ ಕೂಡಲೇ ಐದೇ ನಿಮಿಷಕ್ಕೆ ಆರಿಸುತ್ತಿದ್ದಳು. ನಡುವೆ ಗುಂಡಿ ಬಿದ್ದು ಮರದ ಪಟ್ಟಿ ಮೇಣದಲ್ಲಿ ಮುಳುಗುತ್ತಿರುವುದನ್ನು ನೀಲಮ ದಿನವೂ ಕೈಮುಗಿದು ಕೂತು ನೋಡಿದಳು. ನೋಡಿ ತಣ್ಣಗಾದಳು.

ಪೂರ್ಣಿಮೆಯಂದು ವಿಹಾರ ತುಂಬಿತ್ತು. ಮಯೂರಿ ಏಳು ಕಡ್ಡಿ ಗೀರಿದರೂ ಮೇಣದಬತ್ತಿ ಚಿರ್ ಎಂದು ಆರಿಹೋಯಿತು. ಬೆವರುತ್ತ ಪಿಸುಗುಟ್ಟಿದಳು: "ವೈನಿ, ಏನ್ ಮಾಡ್ಲಿ?"

ನೀಲಮ ಎಲ್ಲರಿಗೂ ಕೇಳುವಂತೆ ಅಂದಳು: "ನನ್ನ ಯಾಕ ಕೇಳ್ತಿ ಮಯೂರಿ? ಮಾಡಿದಾಕಿ ನೀನಲ್ಲೇನ?"